ಎಂಬತ್ತೆರಡು ಇಂಚಿನ ಶಾರ್ಕ್

ಮೀನು ಹಿಡಿಯುವವರು ಸುಳ್ಳು ಹೇಳುತ್ತಾರೆ ಅನ್ನುವುದು ಲೋಕಕ್ಕೆಲ್ಲ ಗೊತ್ತಿರುವ ಮಾತು. ಆದರೆ ಆ ಕೆರೆಯಲ್ಲಿ ಸುಳ್ಳಿಗೂ ಒಂದು ಜಾಗ, ಒಂದು ಹೊತ್ತು, ಒಂದು ನಿಯಮ ಅಂತ ಇತ್ತು. ಹಿಡಿದ ಮೀನಿನ ವಿಷಯದಲ್ಲಿ ಯಾರ ಆಟವೂ ನಡೆಯುತ್ತಿರಲಿಲ್ಲ. ಹಿಡಿದ ಮೀನೆಲ್ಲ ಗೇಟಿನ ಪಕ್ಕದ ಶೆಡ್ಡಿಗೆ ತೂಕಕ್ಕೆ ಬರಬೇಕು, ಅರ್ಧ ಕೇಜಿಗಿಂತ ಕಡಿಮೆ ಇದ್ದದ್ದು ವಾಪಸ್ ನೀರಿಗೆ ಹೋಗಬೇಕು. ಆ ಶೆಡ್ಡಿನಲ್ಲಿ ಕೂತಿರುತ್ತಿದ್ದವಳು ತಕ್ಕಡಿಯಕ್ಕ.

ತಕ್ಕಡಿಯಕ್ಕ ಅಂದರೆ ತಕ್ಕಡಿಯಕ್ಕನೇ. ಅವಳ ನಿಜವಾದ ಹೆಸರು ಅವಳ ಗಂಡನಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಆ ಶೆಡ್ಡು, ಗಡಿಯಾರದ ಹಾಗೆ ದುಂಡು ಮುಖದ ಆ ಮುಳ್ಳಿನ ತಕ್ಕಡಿ, ಕೊಕ್ಕೆಗೆ ನೇತುಹಾಕಿದ ಮೀನು, ಚೀಟಿಯ ಮೇಲೆ ಅವಳ ದುಂಡು ಅಕ್ಷರ. ಅವಳ ಚೀಟಿ ಇಲ್ಲದೆ ಗೇಟು ತೆರೆಯುತ್ತಿರಲಿಲ್ಲ. ಅಪ್ಪನೇ ಎದ್ದು ಬಂದರೂ ಅವಳು ಹತ್ತು ಗ್ರಾಂ ಹೆಚ್ಚು ಬರೆಯುವವಳಲ್ಲ.

"ಅಕ್ಕ, ಮುಳ್ಳು ಎರಡರ ಹತ್ತಿರಾನೇ ಇದೆಯಲ್ಲ, ಎರಡು ಕೇಜಿ ಅಂತ್ಲೇ ಬರೀರಿ" ಅಂತ ಯಾರಾದರೂ ಹಲ್ಲು ಗಿಂಜಿದರೆ, "ಹತ್ತಿರದಲ್ಲಿದ್ದ ಮಾತ್ರಕ್ಕೆ ನೆಂಟರು ಮನೆಯವರಾಗಲ್ಲ ಕಣಪ್ಪ" ಅಂದು ಒಂದು ಕೇಜಿ ಒಂಬೈನೂರ ಅರವತ್ತು ಅಂತಲೇ ಬರೆಯುತ್ತಿದ್ದಳು.

ಇನ್ನು ಏನೂ ಹಿಡಿಯದೆ ಬಂದವರಿಗೆ ಶೆಡ್ಡಿನ ಹಿಂದೆ ಒಂದು ಉದ್ದನೆಯ ಬೆಂಚಿತ್ತು. ಬರಿಗೈ ಬೆಂಚು ಅಂತಲೇ ಅದಕ್ಕೆ ಹೆಸರು. ಭಾನುವಾರ ಸಂಜೆ ಬರಿಗೈಯಲ್ಲಿ ಹೊರಟವರು ಅಲ್ಲಿ ಒಂದು ಗಳಿಗೆ ಕೂತು, ಮೀನು ಹೇಗೆ ತಪ್ಪಿಸಿಕೊಂಡಿತು ಅಂತ ಹೇಳಿಯೇ ಮನೆಗೆ ಹೋಗಬೇಕು. ಇನ್ನೊಬ್ಬರ ಮೀನನ್ನು ಸುಳ್ಳು ಅನ್ನಬಾರದು, ಇದೊಂದೇ ನಿಯಮ. ಎಲ್ಲ ಕೇಳಿ ಮುಗಿದ ಮೇಲೆ ಯಾರ ಕಥೆ ಮೇಲು ಅಂತ ಬೆಂಚೇ ತೀರ್ಮಾನ ಮಾಡುತ್ತಿತ್ತು. ಆ ಮೀನನ್ನು ತಕ್ಕಡಿಯಕ್ಕ ಅಲ್ಲೇ ಇದ್ದ ಕರಿಹಲಗೆಯ ಮೇಲೆ 'ತಪ್ಪಿಸಿಕೊಂಡವು' ಅನ್ನುವ ತಲೆಬರಹದ ಕೆಳಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಗೆದ್ದವನಿಗೆ ಮುಂದಿನ ಭಾನುವಾರ ಶೆಡ್ಡಿನಿಂದ ಮೂವತ್ತು ಹೆಜ್ಜೆ ದೂರದ ದೊಡ್ಡ ಮರದ ಕೆಳಗೆ, ಇಡೀ ಕೆರೆಯಲ್ಲೇ ಒಳ್ಳೆಯ ನೆರಳಿರುವ ಜಾಗ.

ಈ ಬೆಂಚಿನಲ್ಲಿ ಖಾಯಂ ಗಿರಾಕಿಗಳು ಮೂರು ಮತ್ತೊಂದು. ಕೆಲಸದಿಂದ ನಿವೃತ್ತರಾದ ಹಲ್ಲಿನ ಡಾಕ್ಟರು, ಹೊಟ್ಟೆ ಸ್ವಲ್ಪ ಮುಂದೆ ಹೋಗಿ ದಾರಿ ಮಾಡುವ ದೊಡ್ಡ ಮನುಷ್ಯ. ಪೋಸ್ಟ್‌ಮ್ಯಾನ್, ನಾಲ್ಕು ಓಣಿಯ ಸುದ್ದಿ ಹೊತ್ತು ಐದನೆಯದಕ್ಕೆ ಹಂಚುವವನು. ಬೇಕರಿಯವನು. ಮತ್ತೊಬ್ಬ ತಕ್ಕಡಿಯಕ್ಕನ ಗಂಡ, ಟೈಲರ್.

ಒಬ್ಬಳೇ ಮಗಳು ಮದುವೆಯಾಗಿ ಹೋದ ವರ್ಷ ಟೈಲರ್ ಒಂದು ಗಾಳದ ಕೋಲು ಹಿಡಿದು ಕೆರೆಗೆ ಬಂದವನು, ಹನ್ನೆರಡು ವರ್ಷವಾದರೂ ಒಂದು ಮೀನನ್ನೂ ತೂಕಕ್ಕೆ ತಂದಿರಲಿಲ್ಲ. ಶೆಡ್ಡಿಗೆ ನೇರ ಎದುರಿನ ಪೂರ್ವದ ದಡದಲ್ಲಿ, ಬೆಂಚಿನ ಉಳಿದವರ ಪಕ್ಕ, ಮಡಚುವ ಸ್ಟೂಲು ಹಾಕಿ ಕೂರುತ್ತಿದ್ದ, ಸಂಜೆ ಎದ್ದು ಬರುತ್ತಿದ್ದ. ಹೆಂಡತಿಯ ತಕ್ಕಡಿಗೆ ಗಂಡನ ಮೀನಿನ ಯೋಗವಿಲ್ಲ ಅಂತ ಊರೆಲ್ಲ ನಗುತ್ತಿತ್ತು. ಅದು ಹೋಗಲಿ, ಬೆಂಚಿನಲ್ಲೂ ಅವನು ಗೆದ್ದವನಲ್ಲ. ಅಳತೆಯ ಮನುಷ್ಯ, ಸುಳ್ಳನ್ನೂ ಟೇಪು ಹಿಡಿದೇ ಹೇಳುವವನು. ಡಾಕ್ಟರು ಹದಿನೆಂಟು ಕೇಜಿಯ ಗೆಂಡೆಮೀನು ತಮ್ಮ ಕೋಲನ್ನೇ ಎಳೆದುಕೊಂಡು ಹೋದದ್ದನ್ನು ಎದ್ದು ನಿಂತು ಅಭಿನಯಿಸಿದ ಮೇಲೆ ಇವನ ಸರದಿ ಬಂದರೆ, "ಒಂದೂವರೆ ಕೇಜಿ ಇತ್ತೇನೋ... ಒಂದೂಕಾಲು ಅಂತ ಇಟ್ಕೊಳ್ಳಿ" ಅನ್ನುತ್ತಿದ್ದ. ತಕ್ಕಡಿಯಕ್ಕನಿಗೆ ನಾಚಿಕೆಯಾಗುತ್ತಿತ್ತು. ಹೇಳುವುದೇ ಸುಳ್ಳು ಅಂದಮೇಲೆ ಅದರಲ್ಲೂ ಜಿಪುಣತನ ಯಾಕೆ ಅಂತ ಅವಳ ಸಿಟ್ಟು.

ಹೀಗಿರುವಾಗ ಒಂದು ಭಾನುವಾರ ಟೈಲರ್ ಬೆಂಚಿನ ತುದಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ಇವತ್ತು ನನಗೆ ಶಾರ್ಕ್ ಬಿದ್ದಿತ್ತು" ಅಂದ.

ಯಾರಾದರೂ ನಗುವಷ್ಟರಲ್ಲಿ ಅವನು ಮುಂದುವರಿಸಿಬಿಟ್ಟ. "ಮೂತಿಯಿಂದ ಬಾಲದವರೆಗೆ ಎಂಬತ್ತೆರಡು ಇಂಚು. ಹೊಟ್ಟೆ ಸುತ್ತಳತೆ ನಲವತ್ತನಾಲ್ಕು. ಬೆನ್ನ ಮೇಲಿನ ರೆಕ್ಕೆ ಹನ್ನೊಂದೂವರೆ ಇಂಚು ಎತ್ತರ, ಎಡಗಡೆ ಅಂಚಲ್ಲಿ ಮುಕ್ಕಾಲು ಇಂಚು ಹರಿದಿತ್ತು. ಬಣ್ಣ ಬೂದು, ಹೊಟ್ಟೆ ಕಡೆ ಒಳಪದರ ಬಿಳಿ. ಎರಡು ನಿಮಿಷ ನನ್ನನ್ನೇ ನೋಡ್ತು. ಆಮೇಲೆ ಹೋಯ್ತು."

ಹದಿನೆಂಟು ಕೇಜಿ, ಇಪ್ಪತ್ತು ಕೇಜಿ ಅನ್ನುವುದು ಬಾಯಿಮಾತು. ಆದರೆ ಮುಕ್ಕಾಲು ಇಂಚು ಹರಿದಿತ್ತು ಅಂದರೆ ಯಾರು ಏನನ್ನಬೇಕು? ಡಾಕ್ಟರು ನಿಧಾನಕ್ಕೆ ತಮ್ಮ ಟೋಪಿ ತೆಗೆದರು. ಪೋಸ್ಟ್‌ಮ್ಯಾನ್ ಒಮ್ಮೆ ಕೆರೆಯ ಕಡೆ ನೋಡಿ, ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡ.

ತಕ್ಕಡಿಯಕ್ಕ ಸೀಮೆಸುಣ್ಣ ಹಿಡಿದು ಗಂಡನ ಮುಖ ನೋಡಿದಳು. ಮಗಳ ಮದುವೆಯಾದಮೇಲೆ ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಕಂಡಿರಲಿಲ್ಲ. ಹೇಳಿದ ಅಳತೆಯನ್ನೆಲ್ಲ ಒಂದೂ ಬಿಡದೆ, ಮುಕ್ಕಾಲು ಇಂಚಿನ ಹರಕನ್ನೂ ಸೇರಿಸಿ, ತನ್ನ ದುಂಡು ಅಕ್ಷರದಲ್ಲಿ ಬರೆದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೋಮವಾರ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಕಾಗದದ ಜೊತೆ ಶಾರ್ಕನ್ನೂ ಮನೆಮನೆಗೆ ಹಂಚಿದ. ಕ್ಷೌರದಂಗಡಿ ತಲುಪುವ ಹೊತ್ತಿಗೆ ಎಂಬತ್ತೆರಡು ಇಂಚು ಎಂಬತ್ತೆರಡು ಅಡಿಯಾಗಿತ್ತು. ಶಾಲೆಯ ಮೇಷ್ಟ್ರ ನಾಯಿ ಎರಡು ದಿನ ಕಾಣದೆ ಹೋದದ್ದಕ್ಕೂ ಶಾರ್ಕೇ ಕಾರಣ ಅಂತ ಆಯಿತು. ನಾಯಿ ಮೇಷ್ಟ್ರ ನಾದಿನಿಯ ಮನೆಯಲ್ಲಿ ಹೊಟ್ಟೆ ತುಂಬ ತಿಂದು ಮಲಗಿತ್ತು ಅನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಳಿಗೆ ನೀರಿನಲ್ಲಿ ಕೊಂಬು ಕಂಡಿತು. ಇನ್ನೊಬ್ಬನಿಗೆ ಮನುಷ್ಯರ ಹಾಗೆ ಕೆಮ್ಮುವ ಆಮೆ ಕಂಡಿತು. ಬೇಕರಿಯವನು ಶಾರ್ಕಿನ ಆಕಾರದ ಬನ್ನು ಮಾಡಿ, ಒಣದ್ರಾಕ್ಷಿಯ ಕಣ್ಣಿಟ್ಟು, ಬೆಳಿಗ್ಗೆ ಒಂಬತ್ತಕ್ಕೆಲ್ಲ ಖಾಲಿ ಮಾಡುತ್ತಿದ್ದ. ಟೈಲರನ ಅಂಗಡಿಯಲ್ಲಿ ಒಂದು ಗುಂಡಿ ಹೊಲಿಸಲು ನಾಲ್ಕು ಜನ ಒಟ್ಟಿಗೆ ಬಂದು ಶಾರ್ಕಿನ ಕಥೆ ಕೇಳಿ ಹೋಗುತ್ತಿದ್ದರು. ಮುಂದಿನ ಭಾನುವಾರ ಅವನು ದೊಡ್ಡ ಮರದ ಕೆಳಗೆ ಕೂತ, ಮದುಮಗನ ಹಾಗೆ. ತಕ್ಕಡಿಯಕ್ಕನಿಗೆ ಒಳಗೊಳಗೇ ಖುಷಿಯಾಯಿತು.

ಖುಷಿ ಬುಧವಾರದವರೆಗೆ ಬಾಳಿತು.

ಬುಧವಾರ ಕೆರೆಯ ಕಚೇರಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ ಬಂದರು. ಹಳೆಯ ಅಧಿಕಾರಿ ತಾನೇ ಗಾಳ ಹಿಡಿದು ಬೆಂಚಿನಲ್ಲಿ ಕೂರುತ್ತಿದ್ದವನು. ಇವರು ಮೂವತ್ತು ದಾಟದ ಹುಡುಗಿ, ಕೈಯಲ್ಲಿ ಫೈಲು, ಮುಖದಲ್ಲಿ ನಗುವಿನ ಲವಲೇಶವಿಲ್ಲ. ಕರಿಹಲಗೆಯ ಮುಂದೆ ನಿಂತು ಎಲ್ಲವನ್ನೂ ಎರಡು ಸಲ ಓದಿದರು. ಆಮೇಲೆ ಫೈಲಿನಿಂದ ಒಂದು ತೂಕದ ಚೀಟಿ ತೆಗೆದು ಹಲಗೆಯ ಅಕ್ಷರದ ಪಕ್ಕ ಹಿಡಿದು ನೋಡಿದರು.

"ಇದು ನಿಮ್ಮ ಕೈಬರಹವೇ ಅಲ್ವಾ ಅಮ್ಮ?"

"ಹೌದು ಮೇಡಂ. ಆದ್ರೆ ಅದು..."

"ನಿಮ್ಮ ಚೀಟಿಯಲ್ಲಿ ಹತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪೂ ಇಲ್ಲ ಅಂತ ಕಚೇರಿಯಲ್ಲಿ ಎಲ್ಲರೂ ಹೇಳ್ತಾರೆ. ಇಲ್ಲಿ ನೋಡಿದ್ರೆ ಉದ್ದ, ಸುತ್ತಳತೆ, ರೆಕ್ಕೆಯ ಹರಕು ಎಲ್ಲ ಬರೆದಿದೀರಿ. ಮುಂದಿನ ತಿಂಗಳು ಇದೇ ನೀರಲ್ಲಿ ಮಕ್ಕಳಿಗೆ ಈಜು ಕಲಿಸೋದು ಶುರುವಾಗುತ್ತೆ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಹೊಣೆ?"

ತಕ್ಕಡಿಯಕ್ಕ ಬೆಂಚಿನ ಪದ್ಧತಿಯನ್ನು ವಿವರಿಸಲು ಹೋದಳು. ಹೇಳುತ್ತ ಹೇಳುತ್ತ ಅವಳಿಗೇ ಅದು ಹುಚ್ಚರ ಸಂತೆಯಂತೆ ಕೇಳಿಸಿತು. ಮೇಡಂ ತಾಳ್ಮೆಯಿಂದಲೇ ಕೇಳಿಸಿಕೊಂಡರು. ಕೇಳಿ, ತೀರ್ಮಾನವನ್ನೂ ಹೇಳಿದರು. ಅವತ್ತಿನಿಂದಲೇ ಕೆರೆ ಬಂದ್. ಶಾರ್ಕ್ ನೋಡಿದೆ ಅಂದವರು ಶನಿವಾರ ಬೆಳಿಗ್ಗೆ ಹತ್ತರೊಳಗೆ ತಾವೇ ಬಂದು, ಅದು ಸುಳ್ಳು ಅಂತ ಬರೆದುಕೊಡಬೇಕು. ಇಲ್ಲದಿದ್ದರೆ ತೂಬು ತೆಗೆದು ಕೆರೆಯ ನೀರನ್ನೆಲ್ಲ ಹೊರಗೆ ಬಿಟ್ಟು ಹುಡುಕಿಸುವುದು.

"ನೀರು ಬಿಟ್ರೆ ಮೀನೆಲ್ಲ ಸತ್ತುಹೋಗ್ತವೆ ಮೇಡಂ! ಈ ಕೆರೆ ಮತ್ತೆ ತುಂಬೋಕೆ ಮೂರು ವರ್ಷ ಬೇಕು. ನಾನೇ ಬರೆದುಕೊಡ್ತೀನಿ, ನಾನು ಬರೆದಿದ್ದು ಸುಳ್ಳು ಅಂತ."

ಮೇಡಂ ಚೀಟಿಯನ್ನು ವಾಪಸ್ ಫೈಲಿಗಿಟ್ಟರು. "ಬರೆದುಕೊಡಬಹುದು. ಆದ್ರೆ ಅಮ್ಮ, ನೀವು ಸುಳ್ಳು ಬರೆದೆ ಅಂತ ಒಪ್ಪಿಕೊಂಡ್ರೆ ನಿಮ್ಮ ಚೀಟಿಯನ್ನ ನಾನು ಹೇಗೆ ನಂಬ್ಲಿ? ತಕ್ಕಡಿಗೆ ಬೇರೆಯವರನ್ನ ಕೂರಿಸಬೇಕಾಗುತ್ತೆ. ನೋಡಿದವರೇ ಬಂದು ಒಪ್ಪಿಕೊಂಡ್ರೆ ಮಾತು ಬೇರೆ. ಅವರು ಹೇಳಿದ್ದನ್ನ ನೀವು ಬರೆದಿರಿ, ಅಷ್ಟೇ."

ಕೆರೆ ಹೋಗಬೇಕು, ಇಲ್ಲವೇ ತಕ್ಕಡಿ ಹೋಗಬೇಕು. ಅತ್ತ ದರಿ ಇತ್ತ ಪುಲಿ ಅಂದರೆ ಏನು ಅಂತ ತಕ್ಕಡಿಯಕ್ಕನಿಗೆ ಅವತ್ತು ಗೊತ್ತಾಯಿತು.

ಸುದ್ದಿ ಕೇಳಿ ಬೆಂಚಿನವರು ಎದೆ ತಟ್ಟಿಕೊಂಡು ಮುಂದೆ ಬಂದರು. "ಟೈಲರನ್ನ ಯಾಕೆ ಸಿಕ್ಕಿಸ್ತೀರಿ ಅಕ್ಕ, ನಾವು ಹೋಗಿ ಹೇಳ್ತೀವಿ, ಕೆರೇಲಿ ಏನೂ ಇಲ್ಲ ಅಂತ" ಅಂದ ಪೋಸ್ಟ್‌ಮ್ಯಾನ್. ಗುರುವಾರ ಅವನೂ ಡಾಕ್ಟರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಚೇರಿಗೆ ಹೋದರು. ಒಂದು ಗಂಟೆಯ ಮೇಲೆ ಶೆಡ್ಡಿಗೆ ಬಂದರು. ಇಬ್ಬರೂ ನೆಲ ನೋಡುತ್ತಿದ್ದರು.

"ಹೇಳಿದ್ರಾ?"

"ಹೇಳ್ದೆ ಅಕ್ಕ" ಅಂದ ಪೋಸ್ಟ್‌ಮ್ಯಾನ್. "ಶಾರ್ಕ್ ಇಲ್ಲ ಅಂತ ಖಡಾಖಂಡಿತವಾಗಿ ಹೇಳ್ದೆ. ಅದಕ್ಕೆ ಅವರು, 'ಹಾಗಾದ್ರೆ ಇಷ್ಟು ವರ್ಷ ಕೂತು ನೀವು ಏನೂ ನೋಡಿಲ್ಲ' ಅಂದ್ಬಿಟ್ರು. ನೀವೇ ಹೇಳಿ, ಹದಿನೈದು ವರ್ಷ ಗಾಳ ಹಿಡಿದವನು ಏನೂ ನೋಡಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಮರ್ಯಾದೆ ಪ್ರಶ್ನೆ. ಶಾರ್ಕ್ ನೋಡಿಲ್ಲ ಮೇಡಂ, ಮೀಸೆ ಇರೋ ಹಾವು ನೋಡಿದೀನಿ ಅಂದೆ."

"ಬರಕೊಂಡ್ರಾ?"

"ಮೀಸೆ ಉದ್ದ ಎಷ್ಟು ಅಂತಾನೂ ಕೇಳಿದ್ರು."

ತಕ್ಕಡಿಯಕ್ಕ ಡಾಕ್ಟರ ಕಡೆ ತಿರುಗಿದಳು. ಓದಿದವರು, ಇವರಾದರೂ ಸರಿಯಾಗಿ ಮಾತಾಡಿರುತ್ತಾರೆ ಅನ್ನುವ ಆಸೆ.

"ಸಿಹಿನೀರಲ್ಲಿ ಶಾರ್ಕ್ ಬದುಕಲ್ಲ ಅಂತಲೇ ಶುರುಮಾಡಿದೆನಮ್ಮ" ಅಂದರು ಡಾಕ್ಟರು. "ಆಮೇಲೆ ಮಾತಿಗೆ ಮಾತು ಬಂತು, ಹಲ್ಲಿನ ವಿಷಯ ಬಂತು. ಶಾರ್ಕಿನ ಹಲ್ಲು ಉದುರಿದಷ್ಟೂ ಹೊಸದು ಬರುತ್ತೆ ಗೊತ್ತಾ? ನಲವತ್ತು ವರ್ಷ ಹಲ್ಲು ಕಿತ್ತವನು ಅದನ್ನ ಹೇಳದೆ ಹೇಗಿರಲಿ? ಚಿತ್ರ ಬರೆದು ತೋರಿಸಿದೆ. ಒಂದೆರಡು ಜಾತಿ ನದಿಯೊಳಕ್ಕೂ ಬರುತ್ತವೆ ಅಂತ ಬಾಯಿ ಜಾರಿಹೋಯ್ತು. ಚಿತ್ರಾನ ಅವರು ಫೈಲಿಗೆ ಸೇರಿಸಿಕೊಂಡ್ರು."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟು ಬಂದಿದ್ದರು. ಬೇಕರಿಯವನು, "ನಾಳೆ ನಾನು ಹೋಗ್ಲಾ ಅಕ್ಕ?" ಅಂದ. "ನೀನು ನಿನ್ನ ಬನ್ನು ಸುಡು ಹೋಗು" ಅಂತ ತಕ್ಕಡಿಯಕ್ಕ ರೇಗಿದಳು.

ಅವರ ಮನೆಯ ಮುಂದಿನ ಕೋಣೆಯೇ ಟೈಲರನ ಅಂಗಡಿ. ಶುಕ್ರವಾರ ಸಂಜೆ ಅವಳು ಒಳಗೆ ಬಂದಾಗ ಅವನು ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದ. ಮೂರು ದಿನದಿಂದ ಇಬ್ಬರೂ ಈ ಮಾತನ್ನು ತಪ್ಪಿಸಿಕೊಂಡೇ ಓಡಾಡುತ್ತಿದ್ದರು. ಅವನಾಗಿಯೇ ಹೇಳಲಿ ಅಂತ ಅವಳು ಕಾದದ್ದು, ಅವನು ತಲೆ ಎತ್ತದೆ ಹೊಲಿದದ್ದು. ಇನ್ನು ಕಾಯಲು ದಿನ ಉಳಿದಿರಲಿಲ್ಲ.

"ರೀ."

"ಹೂಂ."

"ಶಾರ್ಕ್ ಸುಳ್ಳು ಅಂತ ಒಂದೇ ಒಂದು ಸಾಲು ಬರೆದುಕೊಡಿ. ನಿಮಗೇನು ಹೋಗುತ್ತೆ?"

ಮಷೀನು ನಿಂತಿತು. "ಬರೆದುಕೊಟ್ರೆ, ಮತ್ತೆ ಗಾಳಕ್ಕೆ ನಿಜವಾಗಿ ಬಿದ್ದಿದ್ದು ಏನು ಅಂತ ಕೇಳ್ತಾರೆ."

"ಏನೂ ಬಿದ್ದಿರಲಿಲ್ಲ ಅನ್ನಿ. ನಿಮಗೆ ಏನೂ ಬೀಳಲ್ಲ ಅನ್ನೋದು ಊರಿಗೇ ಗೊತ್ತಲ್ಲ."

"ಒಂದು ದಾರ ಎಳೆದ್ರೆ ಅಷ್ಟಕ್ಕೇ ನಿಲ್ಲಲ್ಲ ಕಣೇ" ಅಂದ ಅವನು, ಪ್ಯಾಂಟನ್ನು ನೋಡುತ್ತ. ಆಮೇಲೆ ಮೆಲ್ಲಗೆ ಕೇಳಿದ, "ನೀನು ಬರೆಯೋವಾಗ ನಂಬಿದ್ಯಾ?"

"ಕೆರೇಲಿ ಶಾರ್ಕ್ ಇದೆ ಅಂತ ನಂಬೋಕೆ ನನಗೇನು ತಲೆ ಕೆಟ್ಟಿದೆಯಾ?"

"ಮತ್ತೆ ಯಾಕೆ ಬರೆದೆ?"

ಅವಳಿಗೆ ಎಲ್ಲಿತ್ತೋ ಸಿಟ್ಟು, ಎಲ್ಲಿತ್ತೋ ಅಳು, ಎರಡೂ ಒಟ್ಟಿಗೆ ಬಂತು. "ನಿಮ್ಮ ಮುಖ ನೋಡಿ ಬರೆದೆ! ಹನ್ನೆರಡು ವರ್ಷ ಆ ಬೆಂಚಿನ ತುದೀಲಿ ಒಂದೂಕಾಲು ಕೇಜಿ, ಒಂದೂಕಾಲು ಕೇಜಿ ಅಂತ ಕೂತಿದ್ದೋರು ಅವತ್ತು ನಗ್ತಾ ಇದ್ರಿ. ಅದಕ್ಕೆ ಬರೆದೆ. ಉಳಿದವರ ಸುಳ್ಳನ್ನ ಬೆಂಚು ಹೇಳ್ತು ಅಂತ ಬರೆದೆ, ಮನಸ್ಸಿಟ್ಟು ಬರೆದಿದ್ದು ಅದೊಂದೇ ಸುಳ್ಳು. ಇರಲಿ ಬಿಡಿ, ನಾಳೆ ನಾನೇ ಹೋಗಿ ಒಪ್ಕೋತೀನಿ. ತಕ್ಕಡಿ ಹೋದ್ರೆ ಹೋಗ್ಲಿ. ಅಷ್ಟು ಮೀನು ಬಾಯಿ ಬಿಟ್ಕೊಂಡು ಸಾಯೋದನ್ನ ನನ್ನಿಂದ ನೋಡೋಕಾಗಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪ್ಯಾಂಟಿನ ಯಜಮಾನ ಬಾಗಿಲಲ್ಲಿ ಬಂದು ನಿಂತ, ಶಾರ್ಕಿನ ಬಗ್ಗೆ ಕೇಳಿದ. ಮಾತು ಅಲ್ಲಿಗೇ ಮುರಿಯಿತು.

ಶನಿವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಅರ್ಧ ಊರು ನೆರೆದಿತ್ತು. ತೂಬಿನ ಹತ್ತಿರ ಇಬ್ಬರು ಕೆಲಸಗಾರರು ದೊಡ್ಡ ಕಬ್ಬಿಣದ ಚಾವಿ ಹಿಡಿದು ನಿಂತಿದ್ದರು. ಬೆಂಚಿನ ಮೂವರೂ ಅಪರಾಧಿಗಳ ಹಾಗೆ ಒಂದು ಕಡೆ ಕೂಡಿಕೊಂಡಿದ್ದರು. ಮೇಡಂ ಶೆಡ್ಡಿನ ಮೇಜಿನ ಮೇಲೆ ಫೈಲು ತೆರೆದು ಕೂತಿದ್ದರು. ತಕ್ಕಡಿಯಕ್ಕ ಆ ದಿನ ಎದ್ದಾಗ ಗಂಡ ಮನೆಯಲ್ಲಿರಲಿಲ್ಲ. ಹೋಗಲಿ, ಮುಖ ತೋರಿಸಲು ನಾಚಿಕೆಯಾಗಿರಬೇಕು ಅಂತ ತನಗೆ ತಾನೇ ಹೇಳಿಕೊಂಡಿದ್ದಳು.

ಒಂಬತ್ತೂ ಐವತ್ತಾಯಿತು. ತಕ್ಕಡಿಯಕ್ಕ ತಕ್ಕಡಿಯ ಮುಖವನ್ನು ಒಮ್ಮೆ ಬಟ್ಟೆಯಿಂದ ಒರೆಸಿ, ಮೇಜಿನ ಮುಂದೆ ಬಂದು ನಿಂತಳು. "ಬರಕೊಳ್ಳಿ ಮೇಡಂ. ಹಲಗೆ ಮೇಲೆ ನಾನು..."

"ಸ್ವಲ್ಪ ತಾಳು."

ಜನರ ನಡುವೆ ದಾರಿ ಮಾಡಿಕೊಂಡು ಟೈಲರ್ ಬಂದ. ಕೈಯಲ್ಲಿ ಗಾಳದ ಕೋಲು. ಮೈಯೆಲ್ಲ ಬೆವರು. "ಸುತ್ತು ಹಾಕಿ ಪೂರ್ವದ ದಡದಿಂದ ಬಂದೆ" ಅಂದ. "ಅಲ್ಲಿ ಕೂತು ಯೋಚನೆ ಮಾಡ್ತಿದ್ದೆ. ಅಲ್ಲಿ ಕೂತ್ರೇನೇ ನನಗೆ ಯೋಚನೆ ಬರೋದು." ಕೋಲನ್ನು ಮೇಡಂ ಮುಂದೆ ಮೇಜಿನ ಮೇಲಿಟ್ಟ. "ಶಾರ್ಕ್ ನೋಡಿದೆ ಅಂದವನು ನಾನೇ ಮೇಡಂ. ಸುಳ್ಳು ಅನ್ನೋದಕ್ಕೆ ಇದೇ ಸಾಕ್ಷಿ. ದಾರ ಎಳೆದು ನೋಡಿ."

ಮೇಡಂ ದಾರ ಎಳೆದರು. ಮೊದಲು ನೀರಲ್ಲಿ ತೇಲಿಬಿಡುವ ಬೆಂಡು ಬಂತು, ಆಮೇಲೆ ಸೀಸದ ಗುಂಡು ಬಂತು. ತುದಿಯಲ್ಲಿ ಗಾಳವಿರಬೇಕಾದ ಕಡೆ ಪ್ಯಾಂಟಿನ ಒಂದು ಕಪ್ಪು ಗುಂಡಿ, ನಾಲ್ಕು ತೂತಿಗೂ ದಾರ ಹಾಕಿ ಅಚ್ಚುಕಟ್ಟಾಗಿ ಹೊಲಿದದ್ದು.

"ಗಾಳ ಎಲ್ಲಿ ಟೈಲರೇ? ಕಳಚಿಹೋಯ್ತಾ?" ಅಂದರು ಡಾಕ್ಟರು.

"ಇರಲೇ ಇಲ್ಲ ಡಾಕ್ಟ್ರೇ. ಹನ್ನೆರಡು ವರ್ಷದಿಂದ ಇಲ್ಲ."

ತಕ್ಕಡಿಯಕ್ಕ ಬಗ್ಗಿ ಆ ಗುಂಡಿಯನ್ನೇ ನೋಡಿದಳು. ಟೈಲರ್ ಮೇಡಂ ಕಡೆ ನೋಡಿಯೇ ಮಾತಾಡಿದ, ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. "ಮೊದಲನೇ ವಾರ ಒಂದು ಮರಿ ಬಿತ್ತು. ಎಂಥ ಹೊಲಿಗೆ ಬೇಕಾದ್ರೂ ಬಿಚ್ಚೋ ಕೈ ಇದು, ಅದರ ಬಾಯಿಂದ ಗಾಳ ಬಿಡಿಸೋಕೆ ಆಗಲಿಲ್ಲ, ನಡುಗಿಹೋಯ್ತು. ಅವತ್ತೇ ಗಾಳ ಕತ್ತರಿಸಿ ಗುಂಡಿ ಹಾಕ್ದೆ."

"ಮತ್ತೆ ಪ್ರತಿ ವಾರ ಯಾಕೆ ಬರ್ತಿದ್ರಿ?" ಅಂದರು ಮೇಡಂ.

"ಭಾನುವಾರ ಅಂಗಡಿ ಮುಚ್ಚಿರುತ್ತೆ. ಮಗಳು ಗಂಡನ ಮನೆಗೆ ಹೋದ್ಲು. ಇವಳು ಇಲ್ಲಿರ್ತಾಳೆ. ಮನೇಲಿ ನಾನೊಬ್ಬನೇ ಗೋಡೆ ನೋಡ್ಕೊಂಡು ಕೂರೋದಾ? ಗಾಳ ಇಲ್ಲದವರನ್ನ ಗೇಟಲ್ಲಿ ಒಳಗೆ ಬಿಡಲ್ಲ. ಅದಕ್ಕೆ ಕೋಲು ಹಿಡ್ಕೊಂಡು ಬರ್ತಿದ್ದೆ. ಪೂರ್ವದ ದಡದಿಂದ ಶೆಡ್ಡು ಚೆನ್ನಾಗಿ ಕಾಣುತ್ತೆ."

ತಕ್ಕಡಿಯಕ್ಕ ಗಂಡನ ಎದುರಿಗೆ ಬಂದು ನಿಂತಳು. "ಹಾಗಾದ್ರೆ ಪ್ರತಿ ಭಾನುವಾರ ಬೆಳಿಗ್ಗೆ ಎದ್ದು ನಾನು ಮೀನಿಗೆ ಅಂತ ನಾದಿ ಕೊಡ್ತಿದ್ನಲ್ಲ ಹಿಟ್ಟು, ಅದೇನಾಯ್ತು?"

"ಮೀನಿಗೇ ಹಾಕ್ತಿದ್ದೆ. ಉಂಡೆ ಮಾಡಿ ಮಾಡಿ ಹಾಕ್ತಿದ್ದೆ. ನೀನು ಅಷ್ಟು ಕಷ್ಟಪಟ್ಟು ಮಾಡಿದ್ದು, ಚೆಲ್ಲೋಕೆ ಮನಸ್ಸು ಬರುತ್ತಾ?"

ಇದನ್ನು ಕೇಳಿ ಪೋಸ್ಟ್‌ಮ್ಯಾನ್ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಅವನ ಮುಖ ಕೆಂಪೇರಿತು. "ಅಯ್ಯೋ ಪಾಪಿ! ಹನ್ನೆರಡು ವರ್ಷದಿಂದ ಪೂರ್ವದ ದಡದಲ್ಲಿ ನನ್ನ ಬೆಂಡು ಅಲ್ಲಾಡಿಲ್ಲ! ನೀನು ಪಕ್ಕದಲ್ಲೇ ಕೂತು ಅವಕ್ಕೆ ಔತಣ ಹಾಕ್ತಿದ್ರೆ ಅವು ನನ್ನ ಎರೆಹುಳು ಯಾಕೆ ಮೂಸಿ ನೋಡ್ತವೆ?"

ಬೆಂಚಿಗೆ ಬೆಂಕಿ ಬಿತ್ತು. ತಮ್ಮೆಲ್ಲರನ್ನೂ ಬರಿಗೈಯಲ್ಲಿ ಕೂರಿಸಿದವನು ತಮ್ಮ ಜೊತೆಗೇ ಕೂತು ಒಂದೂಕಾಲು ಕೇಜಿ ಅನ್ನುತ್ತಿದ್ದನಲ್ಲ ಅಂತ ಡಾಕ್ಟರು ಕೈ ಬೀಸಿ ಬೀಸಿ ಕೂಗಿದರು. ಬೇಕರಿಯವನಂತೂ ತಾನು ಇಷ್ಟು ವರ್ಷ ಹೆಂಡತಿಯಿಂದ ಕೇಳಿದ ಮಾತಿಗೆಲ್ಲ ಇವನೇ ಬಂದು ಜವಾಬು ಹೇಳಬೇಕು ಅಂದ.

ಮೇಡಂ ಪೆನ್ನಿನಿಂದ ಮೇಜು ತಟ್ಟಿದರು. "ಒಂದು ಪ್ರಶ್ನೆ. ಆ ಅಳತೆಗಳು? ಎಂಬತ್ತೆರಡು, ನಲವತ್ತನಾಲ್ಕು?"

ಟೈಲರ್ ಹಿಂದೆಮುಂದೆ ನೋಡಿದ. "ಎಂಬತ್ತೆರಡು ಡಾಕ್ಟ್ರ ಮನೆ ಪರದೆ ಉದ್ದ. ಹನ್ನೊಂದೂವರೆ ಪೋಸ್ಟ್‌ಮ್ಯಾನ್ ಅಂಗಿ ತೋಳು. ನಲವತ್ತನಾಲ್ಕು..."

"ನಲವತ್ತನಾಲ್ಕು?"

"ಡಾಕ್ಟ್ರ ಸೊಂಟ."

"ನಲವತ್ತೆರಡು!" ಅಂತ ಡಾಕ್ಟರು ಗುಡುಗಿದರು.

"ಅದು ಹೋದ ವರ್ಷ ಡಾಕ್ಟ್ರೇ."

ಮೇಡಂ ಫೈಲಿನಿಂದ ಮುಖ ಮರೆಮಾಡಿಕೊಂಡರು. ಫೈಲು ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇತ್ತು. ಆಮೇಲೆ ಕಣ್ಣು ಒರೆಸಿಕೊಂಡು, ಆದಷ್ಟು ಗಂಭೀರವಾಗಿ, "ಎಲ್ಲ ಬಿಟ್ಟು ಶಾರ್ಕೇ ಯಾಕೆ ಹೇಳಿದ್ರಿ?" ಅಂತ ಕೇಳಿದರು.

ಈ ಸಲ ಟೈಲರ್ ಹೆಂಡತಿಯ ಕಡೆಗೆ ತಿರುಗಿದ. "ಗೆದ್ದವರಿಗೆ ಮರದ ಕೆಳಗಿನ ಜಾಗ ಸಿಗುತ್ತೆ. ಅಲ್ಲಿಂದ ಶೆಡ್ಡಿಗೆ ಮೂವತ್ತೇ ಹೆಜ್ಜೆ. ಕಣ್ಣು ಮಂಜಾಗ್ತಾ ಬಂತು ಕಣೇ, ಪೂರ್ವದ ದಡದಿಂದ ನೀನು ಮೊದಲಿನ ಹಾಗೆ ಕಾಣಲ್ಲ."

ತಕ್ಕಡಿಯಕ್ಕ ಅಲ್ಲಿ ನಿಲ್ಲಲಿಲ್ಲ. ಶೆಡ್ಡಿನ ಹಿಂದಕ್ಕೆ ಹೋಗಿ, ಗೋಡೆಗೆ ಮುಖಮಾಡಿ ನಿಂತು, ಮನಸಾರೆ ಅತ್ತಳು. ಅದು ದುಃಖದ ಅಳುವಲ್ಲ ಅಂತ ಅವಳಿಗೆ ಗೊತ್ತಿತ್ತು. ವಾಪಸ್ ಬಂದಾಗ ಗಂಡ ಕಾಗದಕ್ಕೆ ಸಹಿ ಹಾಕಿದ್ದ, ತೂಬಿನ ಕೆಲಸಗಾರರು ಚಾವಿ ಹೆಗಲಿಗೇರಿಸಿ ಬೇಕರಿಯ ಕಡೆ ಹೊರಟಿದ್ದರು. ಮೇಡಂ ಇನ್ನೊಂದು ಕಾಗದದಲ್ಲಿ, ಟೈಲರನ್ನು ಗಾಳವಿಲ್ಲದೆಯೂ ಒಳಗೆ ಬಿಡಬಹುದು, ಅವನು ಶೆಡ್ಡಿನಲ್ಲೇ ಕೂರಬಹುದು ಅಂತ ಬರೆದು ಗೇಟಿನವನ ಕೈಗೆ ಕೊಟ್ಟರು.

ಮಾರನೆಯ ದಿನ ಭಾನುವಾರ. ತಕ್ಕಡಿಯಕ್ಕ ಮನೆಯಿಂದ ಇನ್ನೊಂದು ಕುರ್ಚಿ ತಂದು ತನ್ನ ಪಕ್ಕ ಹಾಕಿದಳು. ಟೈಲರ್ ಬಂದು ಕೂತ, ಕೊರಳಿಗೆ ಟೇಪು ಹಾಕಿಕೊಂಡೇ. ಮೊದಲ ಗಂಟೆ ಇಬ್ಬರಿಗೂ ಹೊಸ ಮದುವೆಯ ಸಂಕೋಚ. ಎರಡನೆಯ ಗಂಟೆಗೆ ಅವನು ಬಂದ ಮೀನನ್ನೆಲ್ಲ ಟೇಪು ಹಿಡಿದು ಅಳೆಯತೊಡಗಿದ. ಮೂರನೆಯ ಗಂಟೆಗೆ, ಹದಿನಾಲ್ಕು ಇಂಚಿನ ಮೀನು ಇಷ್ಟು ಹಗುರ ಇರಲು ಸಾಧ್ಯವಿಲ್ಲ, ನಿನ್ನ ಮುಳ್ಳನ್ನು ಒಮ್ಮೆ ನೋಡಿಸು ಅಂದ.

"ನನ್ನ ಮುಳ್ಳಾ?" ಅಂದಳು ತಕ್ಕಡಿಯಕ್ಕ. "ಹತ್ತೊಂಬತ್ತು ವರ್ಷ ಯಾರೂ ಅನ್ನದ ಮಾತು! ಎದ್ದೇಳಿ. ಎದ್ದೇಳಿ ಅಂದೆ. ನಿಮ್ಮ ಸ್ಟೂಲು ತಗೊಂಡು ಪೂರ್ವದ ದಡಕ್ಕೆ ನಡೀರಿ. ಕನ್ನಡಕ ಮಾಡಿಸಿಕೊಳ್ಳಿ, ಅದು ಬಿಟ್ಟು ಇಲ್ಲಿ ಬಂದು ನನ್ನ ತಲೆ ತಿನ್ನಬೇಡಿ."

ಅವನು ಸ್ಟೂಲು ಎತ್ತಿಕೊಂಡು ಹೊರಟ. ಅವನು ಹೋದ ಮೇಲೆ ಸಾಲಿನಲ್ಲಿದ್ದ ಮೀನುಗಳನ್ನೆಲ್ಲ ಅವಳು ಸರಸರ ತೂಗಿದಳು, ಚೀಟಿ ಬರೆದಳು, ಸಿಟ್ಟು ಇಳಿಯಿತು. ಶೆಡ್ಡು ಯಾಕೋ ದೊಡ್ಡದಾದ ಹಾಗೆ ಕಂಡಿತು. ತಲೆ ಎತ್ತಿ ನೀರಿನಾಚೆ ನೋಡಿದಳು.

ಪೂರ್ವದ ದಡದಲ್ಲಿ, ಹೆಬ್ಬೆಟ್ಟಿನಷ್ಟು ಎತ್ತರಕ್ಕೆ, ಅವನು ಸ್ಟೂಲಿನ ಮೇಲೆ ಕೂತಿದ್ದ. ಕೂತವನು ಒಂದು ಕೈ ಎತ್ತಿದ. ಸ್ವಲ್ಪ ಹೊತ್ತು ಎತ್ತಿ ಹಿಡಿದು ಇಳಿಸಿದ. ಉತ್ತರ ಬರುತ್ತದೆ ಅಂತ ಕಾದವನ ಹಾಗಿರಲಿಲ್ಲ ಅದು. ದಿನಾ ಬಾಗಿಲಿಗೆ ಚಿಲಕ ಹಾಕುವವನ ಹಾಗೆ, ರೂಢಿಯಾದ ಕೈ. ಹನ್ನೆರಡು ವರ್ಷ ಪ್ರತಿ ಭಾನುವಾರ ಅವನು ಹೀಗೇ ಕೈ ಎತ್ತಿರಬೇಕು, ತಾನು ತಕ್ಕಡಿಯ ಮುಳ್ಳನ್ನು ಬಿಟ್ಟು ಕಣ್ಣೆತ್ತಿರಲಿಲ್ಲ ಅಂತ ಅವಳಿಗೆ ಆಗ ಹೊಳೆಯಿತು.

"ಅಕ್ಕ, ನನ್ನದು ತೂಕ ಹಾಕಿ" ಅಂತ ಡಾಕ್ಟರು ಮುಂದೆ ಬಂದು ನಿಂತರು. ವರ್ಷಗಳ ಮೇಲೆ ಅವರ ಕೈಯಲ್ಲಿ ನಿಜವಾದ ಒಂದು ಮೀನಿತ್ತು, ಮುಖದಲ್ಲಿ ಆತುರವಿತ್ತು.

"ಒಂದು ನಿಮಿಷ ಇರಿ ಡಾಕ್ಟ್ರೇ" ಅಂದಳು ತಕ್ಕಡಿಯಕ್ಕ. ಕುರ್ಚಿಯಿಂದ ಎದ್ದು ಶೆಡ್ಡಿನ ಹೊರಗೆ ಬಿಸಿಲಿಗೆ ಬಂದು, ಅವನಿಗೆ ಚೆನ್ನಾಗಿ ಕಾಣಲಿ ಅಂತ ಎರಡೂ ಕೈ ಎತ್ತಿ ಬೀಸಿದಳು.